'ಓಂ' ಹೇಳಿದ ಸತ್ಯ, ಹೇಳದೆ ಬಿಟ್ಟ ಸತ್ಯ



ಎಸ್.ಎಸ್. ಬಡಾವಣೆಯ ಹಾಸ್ಟೆಲುಗಳಲ್ಲಿ, ಬಾಡಿಗೆ ರೂಮುಗಳಲ್ಲಿ, ಮೆಸ್ಸಿನ ಸಾಲಿನಲ್ಲಿ ಎರಡು ವಿಷಯಕ್ಕೆ ಜಗಳ ಗ್ಯಾರಂಟಿ. ಯಾವ ಹೋಟೆಲಿನ ಬೆಣ್ಣೆದೋಸೆ ಚೆನ್ನ ಅನ್ನೋದು ಒಂದು. ಕನ್ನಡದಲ್ಲಿ ರೌಡಿ ಸಿನಿಮಾ ಅಂದ್ರೆ ಯಾವುದು ಅನ್ನೋದು ಇನ್ನೊಂದು. ಮೊದಲನೆಯ ಜಗಳ ಯಾವ ಕಾಲಕ್ಕೂ ತೀರುವುದಿಲ್ಲ. ಎರಡನೆಯದರಲ್ಲಿ ಮಾತ್ರ ಎಷ್ಟೇ ಕಿತ್ತಾಡಿದರೂ ಕೊನೆಗೆ ಎಲ್ಲರೂ ಒಂದೇ ಹೆಸರಿಗೆ ಬಂದು ನಿಲ್ತಾರೆ. 'ಓಂ'. ಆ ಚಿತ್ರ ತೆರೆಗೆ ಬಂದಾಗ ಇನ್ನೂ ಹುಟ್ಟೇ ಇರದಿದ್ದ ಹುಡುಗರು ಇವತ್ತು ಅದರ ಡೈಲಾಗುಗಳನ್ನು ಬಾಯಿಪಾಠ ಹೇಳ್ತಾರೆ. ಪರೀಕ್ಷೆಯ ಪಾಠ ಮರೆತೀತು, ಇದು ಮರೆಯೋದಿಲ್ಲ.

ಈ ಹೆಸರು ಆ ಚಿತ್ರಕ್ಕೆ ಸಲ್ಲತಕ್ಕದ್ದೇ? ಇದು ನಮ್ಮ ಪ್ರಶ್ನೆ. ಅಯ್ಯೋ, ಸಿನಿಮಾ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬೇಡಿ. ನಮ್ಮ ಹುಡುಗರು ಯಾವ ಪುಸ್ತಕವನ್ನೂ ಹತ್ತು ಸಲ ಓದಿಲ್ಲ, ಈ ಚಿತ್ರವನ್ನು ಇಪ್ಪತ್ತು ಸಲ ನೋಡಿದಾರೆ. ಇಪ್ಪತ್ತು ಸಲ ಕೇಳಿದ ಮಾತು ತಲೆಯೊಳಗೆ ಮನೆ ಮಾಡುತ್ತೆ. ಮನೆ ಮಾಡಿದ್ದು ಏನು ಅಂತ ನೋಡಲೇಬೇಕು.

ಮೊದಲು ಆ ಹೆಸರು ಎಷ್ಟು ದೊಡ್ಡದು ಅನ್ನೋದು ತಿಳಿದಿರಲಿ. 1995ರ ಮೇ ತಿಂಗಳಲ್ಲಿ 'ಓಂ' ಬಂತು. ನಿರ್ದೇಶಕ ಉಪೇಂದ್ರ. 1992ರಲ್ಲಿ 'ತರ್ಲೆ ನನ್ಮಗ' ಮಾಡಿ ನಗಿಸಿದ್ದ, 1993ರಲ್ಲಿ 'ಶ್!' ಮಾಡಿ ಹೆದರಿಸಿದ್ದ ಯುವಕ. ನಾಯಕ ಶಿವರಾಜ್‌ಕುಮಾರ್, ನಾಯಕಿ ಪ್ರೇಮಾ, ಸಂಗೀತ ಹಂಸಲೇಖ, ಕ್ಯಾಮೆರಾ ಬಿ.ಸಿ. ಗೌರಿಶಂಕರ್. ದುಡ್ಡು ಹಾಕಿದವರು ಪಾರ್ವತಮ್ಮ ರಾಜ್‌ಕುಮಾರ್. ಆ ಸಾಲಿನ ರಾಜ್ಯ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ, ಶ್ರೇಷ್ಠ ನಟಿ ಎರಡೂ ಈ ಒಂದೇ ಚಿತ್ರಕ್ಕೆ ಬಂದವು. 1997ರಲ್ಲಿ ತೆಲುಗಿನಲ್ಲಿ 'ಓಂಕಾರಂ' ಆಯಿತು, 1999ರಲ್ಲಿ ಹಿಂದಿಯಲ್ಲಿ 'ಅರ್ಜುನ್ ಪಂಡಿತ್' ಆಯಿತು. ಬಿಡುಗಡೆಯಾಗಿ ಇಪ್ಪತ್ತು ವರ್ಷದ ತನಕ, ಅಂದರೆ 2015ರವರೆಗೆ, ಟೀವಿಯವರಿಗೆ ಸಿಗಲಿಲ್ಲ. ಯಾಕೆಂದರೆ ಟಾಕೀಸಿನಲ್ಲೇ ಓಡ್ತಾ ಇತ್ತು. ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಗಿದೆ ಅಂತ ಪತ್ರಿಕೆಗಳು ಬರೆದಿವೆ. ಬೆಂಗಳೂರಿನ ಕಪಾಲಿ ಟಾಕೀಸು ಈಗಿಲ್ಲ, ಕೆಡವಿಬಿಟ್ಟರು. ಆದರೆ ಕಪಾಲಿ ಅಂದ ಕೂಡಲೆ ಹಳಬರು ಇವತ್ತಿಗೂ ನೆನೆಯೋದು 'ಓಂ' ಚಿತ್ರವನ್ನೇ.

ಇಷ್ಟು ದೊಡ್ಡ ಹೆಸರು ಸುಮ್ಮನೆ ಬರುವುದಿಲ್ಲ. ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡೋಣ.

ಅದಕ್ಕೂ ಮುಂಚೆ ನಮ್ಮ ಸಿನಿಮಾದ ರೌಡಿ ಅಂದ್ರೆ ಬಹುಮಟ್ಟಿಗೆ ಯಾರು? ಕೊರಳಿಗೆ ಕರ್ಚೀಫು, ಮೈಗೆ ಪಟ್ಟೆಪಟ್ಟೆ ಬನಿಯನ್ನು, ಕೆನ್ನೆ ಮೇಲೆ ಗಾಯದ ಗುರುತು. ಅವನಿಗೆ ಊರಿಲ್ಲ, ಮನೆಯಿಲ್ಲ, ಹೆತ್ತವರಿಲ್ಲ. ನಾಯಕನ ಕೈಲಿ ಒದೆ ತಿನ್ನೋಕೇ ಹುಟ್ಟಿದವನು. 'ಓಂ' ಆ ರೌಡಿಗೆ ಒಂದು ಮನೆ ಕೊಟ್ಟಿತು. ಅಪ್ಪನನ್ನು ಕೊಟ್ಟಿತು. ಕತ್ತಿ ಹಿಡಿಯುವುದಕ್ಕೆ ಮುಂಚಿನ ಒಂದು ಬದುಕನ್ನು ಕೊಟ್ಟಿತು. ಇವನು ಹುಟ್ಟುತ್ತಲೇ ಹಿಂಗಿರಲಿಲ್ಲ ಕಣ್ರೀ, ಯಾರೋ ಹಿಂಗೆ ಮಾಡಿದರು ಅಂತ ಹೇಳಿತು. ಇದು ಸಣ್ಣ ಮಾತಲ್ಲ.

ಕತೆ ಹೇಳಿದ ಕ್ರಮವೂ ಹೊಸದು. ಮೊದಲು ರೌಡಿಯನ್ನು ತಂದು ನಮ್ಮ ಮುಂದೆ ನಿಲ್ಲಿಸ್ತಾರೆ. ನಾವು ಹೆದರ್ತೀವಿ, ಅಸಹ್ಯಪಡ್ತೀವಿ. ಆಮೇಲೆ ಹಿಂದಕ್ಕೆ ಕರೆದುಕೊಂಡು ಹೋಗಿ, ಇವನು ಯಾರಾಗಿದ್ದ ನೋಡಿ ಅಂತ ಬಿಚ್ಚಿಡ್ತಾರೆ. ನಾವು ಮಾಡಿದ ತೀರ್ಪು ನಮ್ಮ ಬಾಯಲ್ಲೇ ಕಹಿಯಾಗುತ್ತೆ. ನೋಡುವವನನ್ನೇ ಕಟಕಟೆಗೆ ನಿಲ್ಲಿಸುವ ಈ ಕೆಲಸವನ್ನು ಅಷ್ಟು ಜನ ನೋಡುವ ಚಿತ್ರವೊಂದು ಮಾಡಿದ್ದು ದೊಡ್ಡದು. ಗೌರಿಶಂಕರ್ ಅವರ ಕ್ಯಾಮೆರಾ ಬೆಂಗಳೂರಿನ ಓಣಿಗಳನ್ನು ಪೌಡರ್ ಬಳಿಯದೆ ತೋರಿಸಿತು. ಅಲ್ಲಿಯತನಕ ಮನೆಮಗನಂತೆ ಇದ್ದ ಶಿವರಾಜ್‌ಕುಮಾರ್ ಕಣ್ಣಿನಲ್ಲಿ ಬೇರೆಯೇ ಬೆಂಕಿ ಕಂಡಿತು. ಸಿಗರೇಟು ಕುಡಿತಗಳನ್ನು ತೆರೆಯ ಮೇಲೆ ದೂರವಿಟ್ಟ ರಾಜ್‌ಕುಮಾರ್ ಮನೆಯಿಂದಲೇ ಇಂಥ ಚಿತ್ರ ಬಂದದ್ದರಿಂದ, ಸಂಸಾರವಂದಿಗರೂ ಟಾಕೀಸಿಗೆ ಹೋಗಿ ರೌಡಿಯ ಕತೆ ನೋಡುವ ಹಾಗಾಯಿತು.

ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತು. ಬೆಂಗಳೂರಿನ ಭೂಗತ ಲೋಕದ ನಿಜವಾದ ರೌಡಿಗಳನ್ನೇ ಕರೆತಂದು ಈ ಚಿತ್ರದಲ್ಲಿ ನಿಲ್ಲಿಸಿದರು. ಬಣ್ಣ ಬಳಿದ ಖಳನಾಯಕರಲ್ಲ, ಪೊಲೀಸು ದಾಖಲೆಯಲ್ಲಿ ಹೆಸರಿದ್ದ ಮನುಷ್ಯರು. 'ಓಂ' ಅಂದ್ರೆ ನಿಜ, ಉಳಿದವೆಲ್ಲ ಸಿನಿಮಾ ಅನ್ನೋ ಮಾತು ಹುಟ್ಟಿದ್ದೇ ಇಲ್ಲಿಂದ.

ನಮ್ಮ ತಕರಾರು ಶುರುವಾಗೋದೂ ಇಲ್ಲಿಂದಲೇ.

ಆ ನಿಜವಾದ ರೌಡಿಗಳು ಚಿತ್ರದಲ್ಲಿ ಏನು ಮಾಡ್ತಾರೆ? ಬರ್ತಾರೆ, ನಿಲ್ತಾರೆ, ಹೆದರಿಸ್ತಾರೆ, ಹೋಗ್ತಾರೆ. ಅವರ ಮುಖ ನಮಗೆ ಸಿಕ್ಕಿತು. ಅವರ ಕತೆ? ಅವರಲ್ಲಿ ಒಬ್ಬನು ಯಾವ ಓಣಿಯಲ್ಲಿ ಹುಟ್ಟಿದ, ಅವನಪ್ಪ ಏನು ಕೆಲಸ ಮಾಡ್ತಿದ್ದ, ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟ, ಮೊದಲ ಸಲ ಅವನ ಕೈಗೆ ಕತ್ತಿ ಕೊಟ್ಟವನು ಯಾವ ದೊಡ್ಡಮನುಷ್ಯ? ಒಂದಕ್ಷರ ಇಲ್ಲ. ಚಿತ್ರದಲ್ಲಿ ಹಿಂದಿನ ಬದುಕು ಇರೋದು ಒಬ್ಬನಿಗೆ ಮಾತ್ರ, ಅವನು ಕಲ್ಪನೆಯ ನಾಯಕ. ನಿಜ ಮನುಷ್ಯರನ್ನು ತಂದು ಗೋಡೆಯ ಚಿತ್ರದ ಹಾಗೆ ನೇತುಹಾಕಿ, ಸುಳ್ಳು ಮನುಷ್ಯನಿಗೆ ಜೀವನಚರಿತ್ರೆ ಬರೆದರು. ಅವರ ಕೈಗೆ ಲಾಂಗು ಕೊಟ್ಟರು, ನಾಲಿಗೆ ಕೊಡಲಿಲ್ಲ. ಇದನ್ನು ನಿಜ ಅಂತ ಕರೆಯೋದಾದರೆ ಯಾವ ನಿಜ?

ಆ ಕಲ್ಪನೆಯ ನಾಯಕ ಯಾರು? ಪುರೋಹಿತರ ಮಗ. ಹೆಸರು ಸತ್ಯ. ಓದುವ ಹುಡುಗ, ಸಾಧು ಹುಡುಗ. ಚಿತ್ರದ ಹೆಸರೇ ಮಂತ್ರ. ಮಂತ್ರ ಕೇಳುವ ಮನೆಯಿಂದ ಹೊರಟ ಹುಡುಗ ಲಾಂಗಿನ ಲೋಕಕ್ಕೆ ಜಾರಿ ಬೀಳ್ತಾನೆ. ನೋಡುವವರ ಎದೆ ಒಡೆಯುತ್ತೆ. ಯಾಕೆ ಒಡೆಯುತ್ತೆ ಅಂತ ಒಂದು ನಿಮಿಷ ಯೋಚನೆ ಮಾಡಿ. ಅಷ್ಟು ಎತ್ತರದಿಂದ ಬಿದ್ದನಲ್ಲಾ ಅಂತ. ಬೀಳಬೇಕಾದರೆ ಮೊದಲು ಎತ್ತರದಲ್ಲಿ ಇರಬೇಕು. ಇಂಥವನು ರೌಡಿ ಆದನೇ ಅನ್ನೋ ಉದ್ಗಾರದ ಒಳಗೆ ಇನ್ನೊಂದು ಮಾತು ಕೂತಿದೆ: ಅಂಥವನಾಗಿದ್ದರೆ ಆಶ್ಚರ್ಯ ಇರಲಿಲ್ಲ.

ಅದೇ ಸತ್ಯ ಕೇರಿಯ ಹುಡುಗ ಆಗಿದ್ದರೆ? ಜಾಡಮಾಲಿಯ ಮಗ ಆಗಿದ್ದರೆ? ಗಿರಣಿ ಹಿಂದಿನ ಗುಡಿಸಲಿನಿಂದ ಬಂದಿದ್ದರೆ? ಅವನು ಹೇಗೆ ರೌಡಿ ಆದ ಅಂತ ಹೇಳೋಕೆ ಎರಡೂವರೆ ತಾಸಿನ ಚಿತ್ರ ಬೇಕು ಅಂತ ಯಾರಿಗಾದರೂ ಅನ್ನಿಸ್ತಿತ್ತೇ? ಅವನ ವಿಳಾಸ ಹೇಳಿದರೆ ಸಾಕು, ಕಾರಣ ಅದೇ ಆಗಿಬಿಡ್ತಿತ್ತು. ಹಿಂದಿಗೆ ಹೋದಾಗ ಚಿತ್ರದ ಹೆಸರಲ್ಲೇ 'ಪಂಡಿತ್' ಬಂದು ಕೂತಿತು ನೋಡಿ. ಭಾಷೆ ಬದಲಾಯಿತು, ಊರು ಬದಲಾಯಿತು, ಅದೊಂದು ಬದಲಾಗಲಿಲ್ಲ. ಅದನ್ನು ತೆಗೆದರೆ ಕತೆಯ ಕಣ್ಣೀರು ಬತ್ತಿಹೋಗುತ್ತೆ ಅಂತ ಮಾಡಿದವರಿಗೂ ಗೊತ್ತಿತ್ತೋ ಏನೋ!

ಇಲ್ಲಿ ನಮ್ಮಲ್ಲೇ ಕೆಲವರು ಎದ್ದು ನಿಂತು ಒಂದು ಮಾತು ಕೇಳ್ತಾರೆ. ಒಳ್ಳೆಯ ಮಾತೇ. "ರೌಡಿ ಅಂದ್ರೆ ಸ್ಲಮ್ಮಿನವನು ಅಂತ ಜನ ತಿಳಿದಿದ್ದರಲ್ಲ, ಪುರೋಹಿತರ ಮಗನೂ ಆಗಬಹುದು ಅಂತ ತೋರಿಸಿದ್ದು ದಿಟ್ಟತನ ಅಲ್ವೇನ್ರೀ? ಕೇರಿಯ ಹುಡುಗನನ್ನೇ ರೌಡಿ ಮಾಡಿದ್ದರೆ ಆಗಲೂ ನೀವೇ ಬೈತಿದ್ರಿ!"

ಈ ಮಾತಿಗೆ ತೂಕ ಇದೆ. ಜಾತಿ ನೋಡಿ ಕಳ್ಳ ಅನ್ನುವ ನಾಡಿನಲ್ಲಿ, ಕತ್ತಿಗೆ ಜಾತಿಯಿಲ್ಲ ಅಂತ ಲಕ್ಷಾಂತರ ಜನರ ಮುಂದೆ ಹೇಳಿದ್ದಕ್ಕೆ ನಾವು ಶಹಬ್ಬಾಸ್ ಅನ್ನಲೇಬೇಕು. ಆದರೆ ಕತ್ತಿಗೆ ಜಾತಿ ಇಲ್ಲದಿರಬಹುದು, ಕರುಣೆಗೆ ಇದೆ. ಚಿತ್ರ ಆ ಕರುಣೆಯನ್ನು ಒಬ್ಬನಿಗೆ ಮಾತ್ರ ಹಂಚಿತು. ಸತ್ಯನ ಸುತ್ತ ಕತ್ತಿ ಹಿಡಿದು ನಿಂತ ಇಪ್ಪತ್ತು ಜನರಿಗೆ ತಲಾ ಎರಡು ಮಾತು ಹಂಚಿದ್ದರೂ ಸಾಕಿತ್ತು, ಆಗ ದಿಟ್ಟತನ ಪೂರ್ತಿಯಾಗ್ತಿತ್ತು. ಸತ್ಯನದು ಅಪವಾದ, ಉಳಿದವರದು ಸ್ವಭಾವ ಅನ್ನೋ ಹಾಗೆ ಬಿಟ್ಟದ್ದು ನಮ್ಮ ತಕರಾರು.

ಇದು ನಮ್ಮ ತಲೆಯೊಳಗಿನ ಗುಮಾನಿ ಅಲ್ಲ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ಮಾಡಿ ಕೆಲವು ಬುಡಕಟ್ಟುಗಳನ್ನೇ ಹುಟ್ಟು ಅಪರಾಧಿಗಳು ಅಂತ ಬರೆದುಕೊಂಡರು. 1952ರಲ್ಲಿ ಅದು ರದ್ದಾಯಿತು. ಕಾಗದದ ಮೇಲೆ ರದ್ದಾಯಿತು ಅಷ್ಟೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಹಿಂದುಳಿದ ಸಮುದಾಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟಿದರು ಅನ್ನೋ ಒಂದೇ ಕಾರಣಕ್ಕೆ ಅಮಾಯಕರ ಹೆಸರನ್ನು ಯಾಂತ್ರಿಕವಾಗಿ ಪೊಲೀಸರ ಹಿಸ್ಟರಿ ಶೀಟಿಗೆ ಸೇರಿಸಬಾರದು ಅಂತ ರಾಜ್ಯಗಳಿಗೆ ಹೇಳಬೇಕಾಯಿತು. ದೇಶದ ಅತಿ ದೊಡ್ಡ ಕೋರ್ಟು ಈ ಮಾತನ್ನು ಇಷ್ಟು ವರ್ಷದ ಮೇಲೆ ಹೇಳಬೇಕಾಯಿತು ಅಂದರೆ, ಏನು ನಡೀತಾ ಇತ್ತು ಅಂತ ನೀವೇ ಲೆಕ್ಕ ಹಾಕಿ. ಪ್ರೀತಿಯಲ್ಲಿ ಮೋಸಹೋದವನು ರೌಡಿ ಆಗ್ತಾನೆ ಅಂತ ಸಿನಿಮಾ ಹೇಳ್ತಾ ಇರುವಾಗ, ಠಾಣೆಯ ಪುಸ್ತಕದಲ್ಲಿ ಹುಟ್ಟು ನೋಡಿ ಹೆಸರು ಬರೀತಾ ಇದ್ದರು.

ಪ್ರೀತಿಯ ಮಾತು ಬಂತು. ಎರಡನೆಯ ತಕರಾರು ಅದೇ. ಇದನ್ನು ಹಾಸ್ಟೆಲಿನ ತಂಗಿಯರು ನಮಗಿಂತ ಚೆನ್ನಾಗಿ ಹೇಳಬಲ್ಲರು.

ಸತ್ಯ ಕೆಟ್ಟದ್ದು ಯಾತಕ್ಕೆ? ಒಬ್ಬ ಹುಡುಗಿಯಿಂದ. ಮಾಧುರಿಯನ್ನು ನಂಬಿದ, ಆ ನಂಬಿಕೆಯೇ ಅವನನ್ನು ಕೆಡವಿತು ಅನ್ನೋದು ಕತೆ. ಒಂದು ಊರಿಗೆ ಊರೇ ಕತ್ತಿ ಹಿಡಿದು ನಿಂತ ಕಾಲದ ಕತೆ ಹೇಳ್ತಾ ಅದರ ಭಾರವನ್ನೆಲ್ಲ ಒಂದು ಹೆಣ್ಣಿನ ಹೆಗಲಿಗೆ ಹಾಕಿಬಿಟ್ಟರು. ಇದು ಪುರಾಣದ ಕಾಲದಿಂದ ಬಂದ ಚಾಳಿ. ಯುದ್ಧ ಆಗಿದ್ದು ಯಾರಿಂದ? ಹೆಣ್ಣಿಂದ. ಮನೆ ಮುರಿದದ್ದು? ಹೆಣ್ಣಿಂದ. ಈಗ ರೌಡಿಸಂ ಕೂಡ ಅವಳ ಲೆಕ್ಕಕ್ಕೇ!

ಆಮೇಲೆ ಅವನು ಏನು ಮಾಡ್ತಾನೆ? ಅವಳ ಹಿಂದೆ ಬೀಳ್ತಾನೆ. ಬೆದರಿಸ್ತಾನೆ. ನನ್ನನ್ನು ಪ್ರೀತಿಸಲೇಬೇಕು ಅಂತ ಪಟ್ಟು ಹಿಡೀತಾನೆ. ಚಿತ್ರದ ಮೊದಲ ಭಾಗದಲ್ಲಿ ಇದು ನಮಗೆ ಭಯ ಹುಟ್ಟಿಸುತ್ತೆ. ಅಲ್ಲಿಗೇ ನಿಂತಿದ್ದರೆ ನಾವು ಕೈ ಮುಗೀತಿದ್ದೆವು. ಹಿಂದಿನ ಕತೆ ಬಿಚ್ಚಿದ ಮೇಲೆ ಅದೇ ಬೆದರಿಕೆ ಅವನ ಹಕ್ಕು ಅನ್ನೋ ಹಾಗೆ ಕಾಣೋಕೆ ಶುರುವಾಗುತ್ತೆ. ಟಾಕೀಸಿನಲ್ಲಿ ಶಿಳ್ಳೆ ಬೀಳೋದು ಅಲ್ಲಿಗೇ. ಪ್ರೇಮಾ ಆ ಪಾತ್ರಕ್ಕೆ ಜೀವ ತುಂಬಿದರು, ಪ್ರಶಸ್ತಿ ನ್ಯಾಯವಾದದ್ದೇ. ಆದರೆ ಕಾಲೇಜಿನ ಗೇಟಿನ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ, "ಒಪ್ಪದಿದ್ದರೆ ಬಿಡೋದಿಲ್ಲ" ಅನ್ನೋನಿಗೆ ಧೈರ್ಯ ಎಲ್ಲಿಂದ ಬರುತ್ತೆ? ಹಳ್ಳಿಯಿಂದ ಓದೋಕೆ ಬಂದ ಹುಡುಗಿಗೆ ಒಬ್ಬ ಇಂಥವನು ಗಂಟುಬಿದ್ದರೆ ಅವಳ ಓದೇ ನಿಲ್ಲುತ್ತೆ. ಅಪ್ಪ ಬಂದು, "ಸಾಕವ್ವಾ, ನಡಿ ಮನೀಗೆ" ಅಂತ ಕರ್ಕೊಂಡು ಹೋಗ್ತಾನೆ. ಹಿಂಬಾಲಿಸಿದವನು ಮಾತ್ರ ಕಾಲೇಜಿನಲ್ಲೇ ಇರ್ತಾನೆ. ಚಿತ್ರದ ಆ ಶಿಳ್ಳೆಯ ಬೆಲೆ ಕಟ್ಟೋದು ಅವಳು.

ಮೂರನೆಯ ತಕರಾರು ಎಲ್ಲಕ್ಕಿಂತ ದೊಡ್ಡದು. ಲಾಂಗನ್ನು ಹಿಡಿದವನು ಕಾಣ್ತಾನೆ. ಹಿಡಿಸಿದವನು ಎಲ್ಲಿ?

1972ರಲ್ಲಿ ಅಮೆರಿಕದಲ್ಲಿ 'ಗಾಡ್‌ಫಾದರ್' ಬಂತು. ಕೊಪ್ಪೊಲ ಮಾಡಿದ ಚಿತ್ರ. ಲೋಕವೆಲ್ಲ ಅದನ್ನು ರೌಡಿ ಚಿತ್ರಗಳ ತಾಯಿಬೇರು ಅನ್ನುತ್ತೆ. ಅದು ಶುರುವಾಗೋದೇ, ಮಗಳಿಗೆ ಆದ ಅನ್ಯಾಯಕ್ಕೆ ಕೋರ್ಟಿನಲ್ಲಿ ನ್ಯಾಯ ಸಿಗದ ಒಬ್ಬ ಅಪ್ಪ ಡಾನ್ ಮುಂದೆ ಬಂದು ಕೂರುವುದರಿಂದ. ಜಡ್ಜು, ರಾಜಕಾರಣಿ, ಪೊಲೀಸು ಅಧಿಕಾರಿ, ವ್ಯಾಪಾರ, ಎಲ್ಲ ಒಂದೇ ಮೇಜಿಗೆ ಬರ್ತಾರೆ. ಗೂಂಡಾಗಿರಿ ಅನ್ನೋದು ಮನಸ್ಸಿನ ಗಾಯ ಅಲ್ಲ, ಅದೊಂದು ಧಂದೆ, ಆ ಧಂದೆಗೆ ದೊಡ್ಡ ಮನೆಗಳ ಪಾಲುದಾರಿಕೆ ಇದೆ ಅಂತ ಆ ಚಿತ್ರ ತೋರಿಸುತ್ತೆ. ಅದಕ್ಕೂ ತನ್ನದೇ ಮೋಹಗಳಿವೆ, ಡಾನ್‌ಗೆ ಅದು ಕೊಟ್ಟ ಗಾಂಭೀರ್ಯ ನಮಗೆ ಹಿಡಿಸೋದಿಲ್ಲ. ಆದರೆ ದುಡ್ಡು ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಅನ್ನೋದನ್ನು ಅದು ಮುಚ್ಚಿಡಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಕನ್ನಡದಲ್ಲೇ 2007ರಲ್ಲಿ 'ಆ ದಿನಗಳು' ಬಂತು. ಕೆ.ಎಂ. ಚೈತನ್ಯ ನಿರ್ದೇಶನ. ಅಗ್ನಿ ಶ್ರೀಧರ್ ತಾವೇ ಕಂಡು ಉಂಡ ಲೋಕದ ಬಗ್ಗೆ ಬರೆದ 'ದಾದಾಗಿರಿಯ ದಿನಗಳು' ಅದಕ್ಕೆ ಆಧಾರ. ಅದರಲ್ಲಿ ಜಾತಿ ಮೀರಿದ ಒಂದು ಪ್ರೀತಿ ಇದೆ. ಆ ಪ್ರೀತಿಯನ್ನು ಮುರಿಯೋಕೆ ದುಡ್ಡಿರುವ ಅಪ್ಪ ಕೊತ್ವಾಲ್ ರಾಮಚಂದ್ರನ ಹತ್ತಿರ ಹೋಗ್ತಾನೆ. ನೋಡಿ, ಅಲ್ಲಿ ಸಿಕ್ಕಿತು ಗಂಟು! ಕತ್ತಿ ಬೀದಿಯಲ್ಲಿದೆ, ಅದರ ಹಿಡಿ ಬಂಗಲೆಯಲ್ಲಿದೆ. ಜಾತಿಯ ಮಾನ ಕಾಯೋಕೆ ಮರ್ಯಾದಸ್ತರು ರೌಡಿಯನ್ನು ಬಾಡಿಗೆಗೆ ಹಿಡೀತಾರೆ. ಅಬ್ಬರ ಕಡಿಮೆ ಇರುವ ಆ ಚಿತ್ರ ಐನೂರು ಸಲ ಮರುಬಿಡುಗಡೆ ಆಗಲಿಲ್ಲ. ಆದರೆ ನಿಜದ ಹತ್ತಿರ ಯಾವುದು ಹೋಯಿತು ಅಂತ ಕೇಳಿದರೆ ನಾವು ಅದರ ಕಡೆ ಕೈ ತೋರಿಸ್ತೀವಿ.

ನಮ್ಮ ದಾವಣಗೆರೆಯನ್ನೇ ತಗೊಳ್ಳಿ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಸಂಬಳ ನಿಂತ ಮನೆಗಳ ಮಕ್ಕಳು ಮಂಡಕ್ಕಿ ಭಟ್ಟಿಗೆ ಹೋದರು, ಗ್ಯಾರೇಜಿಗೆ ಹೋದರು, ಆಟೋ ಓಡಿಸಿದರು, ಗಾರೆ ಕೆಲಸ ಮಾಡಿದರು. ಒಂದು ಮಾತು ಚೆನ್ನಾಗಿ ನೆನಪಿರಲಿ: ಬಡವರ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ದುಡಿದು ತಿಂದವರೇ, ಕತ್ತಿ ಮುಟ್ಟಿದವರಲ್ಲ. ಬಡತನ ರೌಡಿಯನ್ನು ಹಡೆಯುತ್ತೆ ಅನ್ನೋದು ಉಳ್ಳವರು ಕಟ್ಟಿದ ಗಾದೆ. ಆದರೆ ಸೈಟು ಖಾಲಿ ಮಾಡಿಸಬೇಕಾದವನು, ಮೀಟರ್ ಬಡ್ಡಿ ವಸೂಲಿ ಮಾಡಬೇಕಾದವನು, ಎಲೆಕ್ಷನ್ನಿನಲ್ಲಿ ಬೀದಿ ಹಿಡಿತಕ್ಕೆ ತಗೋಬೇಕಾದವನು ಹುಡುಗರನ್ನು ಹುಡುಕಿಕೊಂಡು ಬರೋದು ಕೆಲಸ ಕಳಕೊಂಡ ಬೀದಿಗೇ. ಒಂದು ಬೈಕು, ಎರಡು ಊಟ, "ಏನೇ ಆದರೂ ಅಣ್ಣ ಅದಾನೆ" ಅನ್ನೋ ಒಂದು ಮಾತು. ಇಷ್ಟೇ ಬಂಡವಾಳ. ಈ ವ್ಯವಹಾರವನ್ನು ತೋರಿಸದ ರೌಡಿ ಚಿತ್ರ, ಕಬ್ಬಿನ ಗದ್ದೆಯನ್ನೇ ತೋರಿಸದೆ ಸಕ್ಕರೆಯ ಕತೆ ಹೇಳಿದ ಹಾಗೆ.

ಇದಕ್ಕೆ ಅಭಿಮಾನಿಗಳ ಉತ್ತರ ನಮಗೆ ಗೊತ್ತು. "ಚಿತ್ರ ಕೊನೆಗೆ ರೌಡಿಸಂ ಬೇಡ ಅಂತಲೇ ಹೇಳುತ್ತಲ್ಲ!" ಹೇಳುತ್ತೆ, ನಿಜ. ಆದರೆ ಬಾಯಿ ಬೇಡ ಅನ್ನುವಾಗ ಕ್ಯಾಮೆರಾ ಬೇಕು ಬೇಕು ಅಂತಿತ್ತು. ಲಾಂಗು ಹಿಡಿದು ನಡೆದುಬರುವಾಗಿನ ಗತ್ತು, ಆ ಸಂಗೀತ, ಆ ಧೂಳು, ಇವು ಕಣ್ಣಿಗೆ ಇಳಿದವು. ಬುದ್ಧಿಮಾತು ಕಿವಿಯ ಹತ್ತಿರ ಹಾದುಹೋಯಿತು. ಇವತ್ತು ಹುಡುಗರು ಫೋನಿನಲ್ಲಿ ರೀಲ್ಸ್ ಮಾಡುವಾಗ ಯಾವ ತುಣುಕನ್ನು ಆರಿಸಿಕೊಳ್ತಾರೆ? ಪಶ್ಚಾತ್ತಾಪದ್ದನ್ನಲ್ಲ.

ಇದರಲ್ಲಿ ನಮಗೇನು ಕಷ್ಟ ಅಂತೀರಾ? ಕೇಳಿ. 2025ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ಟೀವಿ ಕಲಾವಿದರ ಮೇಲೆ ಆಯುಧ ಕಾಯ್ದೆಯಡಿ ಕೇಸಾಗಿ, ಬಂಧನವೂ ಆಯಿತು. ಹೆಸರಿದ್ದವರು, ವಕೀಲರನ್ನು ಇಟ್ಟುಕೊಂಡರು, ಜಾಮೀನು ಪಡೆದರು. ಅದೇ ಹುಚ್ಚಾಟವನ್ನು ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಬಂದು ಸ್ಕಾಲರ್‌ಶಿಪ್ಪಿನಲ್ಲಿ ಓದ್ತಾ ಇರುವ ಹಾಸ್ಟೆಲ್ ಹುಡುಗ ಮಾಡಿದರೆ? ಅವನಿಗೆ ವಕೀಲನ ಫೀಜು ಎಲ್ಲಿಂದ ಬರುತ್ತೆ? ಒಂದು ಕೇಸು ದಾಖಲಾದರೆ ನಾಳೆ ಸರ್ಕಾರಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಬಂದಾಗ ಆ ಕಾಗದ ಎದ್ದು ಕೂರುತ್ತೆ. ಮೂರು ತಲೆಮಾರಿನಲ್ಲಿ ಮೊದಲ ಸಲ ಡಿಗ್ರಿ ಮುಟ್ಟಿದ ಮನೆಯ ಬೆಳಕು ಹದಿನೈದು ಸೆಕೆಂಡಿನ ವಿಡಿಯೋಕ್ಕೆ ಆರಿಹೋಗುತ್ತೆ. ಸಿನಿಮಾದ ಸತ್ಯನಿಗೆ ವಾಪಸು ಹೋಗೋಕೆ ಒಂದು ಮನೆ, ಒಂದು ಹೆಸರು ಇತ್ತು. ಠಾಣೆಯ ಬಾಗಿಲಿಗೆ ಹೋದ ನಮ್ಮ ಹುಡುಗನನ್ನು ಮೊದಲು ಕೇಳೋದು ಯಾವ ಕೇರಿಯವನೋ ನೀನು ಅಂತ.

ಕಾನೂನನ್ನೂ ತಿಳಿದಿರಿ. ಗೂಂಡಾ ಕಾಯ್ದೆ ಅಂತ ಕರೀತಾರಲ್ಲ, ಕರ್ನಾಟಕದಲ್ಲಿ ಅದು 1985ರದು. ವಿಚಾರಣೆ ಇಲ್ಲದೆ ಒಂದು ವರ್ಷದ ತನಕ ಒಳಗಿಡುವ ಅಧಿಕಾರ ಅದರಲ್ಲಿದೆ. ರೌಡಿ ಶೀಟು ತೆರೆಯುವ ಮುಂಚೆ ಆ ಮನುಷ್ಯನಿಗೆ ನೋಟೀಸು ಕೊಟ್ಟು ಅವನ ಮಾತು ಕೇಳಬೇಕು ಅಂತ 2022ರಲ್ಲಿ ನಮ್ಮ ಹೈಕೋರ್ಟು ಹೇಳಿದೆ. ಈ ಎರಡು ಸಂಗತಿ ಹಾಸ್ಟೆಲಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಡೈಲಾಗು ಎಲ್ಲರಿಗೂ ಗೊತ್ತು, ಹಕ್ಕು ಒಬ್ಬರಿಗೂ ಗೊತ್ತಿಲ್ಲ ಅನ್ನೋ ಹಾಗಾಗಬಾರದು.

ಹಾಗಾದರೆ ನಮ್ಮ ತೀರ್ಮಾನ ಏನು? 'ಓಂ' ಕೆಟ್ಟ ಚಿತ್ರವೇ? ಅಲ್ಲ. ಸಿನಿಮಾ ಕಟ್ಟುವ ಕಲೆಗಾಗಿ, ರೌಡಿಯೂ ಒಬ್ಬ ಮನುಷ್ಯ, ಅವನ ಹಿಂದೆ ಒಂದು ಕತೆ ಇದೆ ಅಂತ ಮೊದಲು ಜೋರಾಗಿ ಹೇಳಿದ್ದಕ್ಕಾಗಿ, ಅದರ ಹೆಸರು ಅದಕ್ಕೆ ಸಲ್ಲುತ್ತೆ. ಆ ದಾರಿ ತೆರೆದದ್ದರಿಂದಲೇ ಮುಂದೆ 2005ರಲ್ಲಿ 'ಜೋಗಿ'ಯ ಹಳ್ಳಿ ಹುಡುಗ ಮಾದೇಶ ಬಂದ. 2007ರಲ್ಲಿ 'ದುನಿಯಾ'ದ ಕಲ್ಲು ಒಡೆಯುವ ಶಿವು ಬಂದ. ಎತ್ತರದಿಂದ ಬಿದ್ದವರಲ್ಲ ಇವರು, ನೆಲದ ಮೇಲೇ ಇದ್ದವರು. ಅವರಿಗಾಗಿಯೂ ಜನ ಅತ್ತರು. ಆ ಕಣ್ಣೀರಿಗೆ ಹದ ಮಾಡಿಕೊಟ್ಟ ಪುಣ್ಯದಲ್ಲಿ 'ಓಂ' ಚಿತ್ರಕ್ಕೂ ಪಾಲಿದೆ.

ಆದರೆ ರೌಡಿ ಲೋಕದ ನಿಜವನ್ನು ಹೇಳಿದ ಚಿತ್ರ ಅನ್ನೋ ಇನ್ನೊಂದು ಹೆಸರು ಇದೆಯಲ್ಲ, ಅದು ಸಲ್ಲುವುದಿಲ್ಲ. ಒಬ್ಬ ಹುಡುಗ ಯಾಕೆ ಕತ್ತಿ ಹಿಡಿದ ಅಂತ ಅದು ಕೇಳಿತು. ಪ್ರಶ್ನೆ ದೊಡ್ಡದು. ಆದರೆ ಯಾರ ವಿಷಯದಲ್ಲಿ ಈ ಪ್ರಶ್ನೆ ಕೇಳೋದೇ ಇಲ್ಲವೋ ಅವರನ್ನು ಹಿನ್ನೆಲೆಯಲ್ಲಿ ನಿಲ್ಲಿಸಿ, ಯಾರ ವಿಷಯದಲ್ಲಿ ಎಲ್ಲರೂ ಕೇಳ್ತಾರೋ ಅವನನ್ನು ಮುಂದೆ ನಿಲ್ಲಿಸಿ ಕೇಳ್ತು. ಉತ್ತರವನ್ನು ಹೆಣ್ಣಿನ ಮೇಲೆ ಹಾಕಿತು. ಕತ್ತಿ ಮಾರಿದವನನ್ನು ಬಿಟ್ಟುಬಿಟ್ಟಿತು.

ಚಿತ್ರ ನೋಡಬೇಡಿ ಅಂತ ಹೇಳೋರು ನಾವಲ್ಲ. ನೋಡಬೇಡ ಅನ್ನೋದು ಮಠದವರ ಭಾಷೆ. ನೋಡಿ, ಆದರೆ ಮೂರು ಭಾನುವಾರ ಕೂತು ನೋಡಿ. ಮೊದಲ ಭಾನುವಾರ 'ಓಂ', ಎರಡನೆಯ ಭಾನುವಾರ 'ಆ ದಿನಗಳು', ಮೂರನೆಯ ಭಾನುವಾರ 'ದುನಿಯಾ'. ಹಾಸ್ಟೆಲಿನ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡಿ, ರೂಮಿನ ಮೂಲೆಯಲ್ಲಿ ಫೋನು ಹಿಡಿದು ಒಬ್ಬೊಬ್ಬರೇ ಅಲ್ಲ. ಪ್ರತಿ ಸಲ ಮುಗಿದ ಮೇಲೆ ನಾಲ್ಕು ಪ್ರಶ್ನೆ ಬೋರ್ಡಿನ ಮೇಲೆ ಬರೀರಿ. ಇದು ಯಾರ ಕತೆ? ಯಾರ ಕತೆಯನ್ನು ಹೇಳಲಿಲ್ಲ? ಹುಡುಗಿಗೆ ಏನು ಉಳೀತು? ಕತ್ತಿಯ ದುಡ್ಡು ಯಾರ ಜೇಬಿಗೆ ಹೋಯಿತು? ತಂಗಿಯರನ್ನೂ ಕರೀರಿ, ಅವರು ಮೊದಲು ಮಾತಾಡಲಿ. ಎರಡು ತಾಸು ಜಗಳ ಆಡಿ. ಜಗಳ ಆಡದೆ ಚಪ್ಪಾಳೆ ತಟ್ಟಿದವನಿಗೆ ಸಿನಿಮಾ ಅರ್ಥ ಆಗಿಲ್ಲ ಅಂತಲೇ ಲೆಕ್ಕ.

ನಾಲ್ಕನೆಯ ಭಾನುವಾರ ಪೆನ್ನು ಹಿಡೀರಿ. ನಿಮ್ಮ ಓಣಿಯಲ್ಲಿ ಪೊಲೀಸು ಪುಸ್ತಕಕ್ಕೆ ಹೆಸರು ಹೋದ ಒಬ್ಬ ಅಣ್ಣ ಇದ್ದೇ ಇರ್ತಾನೆ. ಅವನ ತಾಯಿಯ ಹತ್ತಿರ ಕೂತು, ಅವನು ಯಾವ ಕ್ಲಾಸಿಗೆ ಶಾಲೆ ಬಿಟ್ಟ, ಯಾಕೆ ಬಿಟ್ಟ ಅಂತ ಕೇಳಿ, ಹೆಸರು ಮರೆಸಿ ಒಂದು ಪುಟ ಬರೀರಿ. ಲಾಂಗಿನ ಸುದ್ದಿ ಸಾಕು, ಶಾಲೆ ಬಿಟ್ಟ ದಿನದ ಸುದ್ದಿ ಬೇಕು. ಬರೆದದ್ದನ್ನು ಮುಂದಿನ ಸಭೆಗೆ ತಗೊಂಡು ಬನ್ನಿ, ಎಲ್ಲರ ಮುಂದೆ ಓದೋಣ.